ನೆಲದ ಗುರುತು, ಗೋಡೆಯ ಗುರುತು



ನಮ್ಮ ಗಡಿಯ ಊರುಗಳಲ್ಲಿ ಬಸ್ಸಿನ ಕಂಡಕ್ಟರುಗಳು ಒಂದೊಂದು ಕಡೆ ಒಂದೊಂದು ಭಾಷೆಯಲ್ಲಿ ಕೂಗುತ್ತಾರೆ. ಒಬ್ಬ 'ಇಳಿಯೋರು ಬನ್ನಿ' ಅನ್ನುತ್ತಾನೆ, ಇನ್ನೊಬ್ಬ ತಮಿಳಿನಲ್ಲಿ ಹೇಳುತ್ತಾನೆ, ಮತ್ತೊಬ್ಬ ಮರಾಠಿಯಲ್ಲೋ ತೆಲುಗಿನಲ್ಲೋ ಹೇಳುತ್ತಾನೆ. ಆದರೆ ಒಂದು ಮಾತು ಮಾತ್ರ ಎಲ್ಲರ ಬಾಯಲ್ಲೂ ಒಂದೇ. ಅದು 'ಪಾಲಿಟೆಕ್ನಿಕ್' ಎಂಬ ಮಾತು. ಹತ್ತನೇ ತರಗತಿ ಮುಗಿಸಿದ ಹುಡುಗರು ಅರ್ಜಿ ಹಿಡಿದುಕೊಂಡು ಓಡಾಡುವ ಜಾಗ. ಈ ಪದ ಎಲ್ಲಿಂದ ಬಂತು ಎಂದು ನಾನು ಬಹಳ ಕಾಲ ಯೋಚಿಸಿರಲಿಲ್ಲ. ಬೇರು ಗ್ರೀಕ್ ಭಾಷೆಯದು, 'ಹಲವು ಕಲೆಗಳು' ಎಂಬ ಅರ್ಥ. ಶಾಲೆಯ ಹೆಸರಾಗಿ ಅದನ್ನು ಲೋಕಕ್ಕೆ ಪರಿಚಯ ಮಾಡಿದ್ದು ಫ್ರಾನ್ಸ್ ದೇಶದ ಪ್ಯಾರಿಸ್ ನಗರದ ಎಕೋಲ್ ಪಾಲಿಟೆಕ್ನಿಕ್. ಆ ಶಾಲೆ 1794ರಲ್ಲಿ ಬೇರೆ ಹೆಸರಿನಿಂದ ಆರಂಭವಾಗಿ 1795ರಲ್ಲಿ ಈ ಹೆಸರು ಪಡೆಯಿತು. ಅಲ್ಲಿ ಹುಡುಗರಿಗೆ ಹೇಳಿಕೊಟ್ಟ ಮುಖ್ಯ ಪಾಠಗಳಲ್ಲಿ ಒಂದನ್ನು ನಮ್ಮ ಪಾಲಿಟೆಕ್ನಿಕ್‌ಗಳಲ್ಲೂ ಐಟಿಐಗಳಲ್ಲೂ ಈಗಲೂ ಮೊದಲ ತಿಂಗಳಲ್ಲೇ ಹೇಳಿಕೊಡುತ್ತಾರೆ. ಆಕಾಶದಲ್ಲಿ ನಿಂತ ಒಂದು ಬಿಂದುವನ್ನು ಎರಡು ಸಮತಲಗಳ ಮೇಲೆ ಇಳಿಸುವ ಪಾಠ ಅದು. ಇವತ್ತು ನಾನು ಹೇಳಬೇಕೆಂದಿರುವುದು ಆ ಪಾಠದ ಕಥೆ.

ನಾನು ಎಂಜಿನಿಯರನಲ್ಲ. ಮೆಟ್ರಿಕ್ ಮುಗಿಸಿ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ನನಗೆ ಈ ವಿಷಯ ತಗುಲಿಕೊಂಡದ್ದು ಒಂದು ಅವಮಾನದಿಂದ. ಲೇತ್ ಇಟ್ಟುಕೊಂಡಿದ್ದ ಒಬ್ಬರು ಸಾಲಕ್ಕೆ ಅರ್ಜಿ ಹಾಕಿದ್ದರು. ತಾವು ಮಾಡಿಕೊಡಬೇಕಾದ ಯಂತ್ರದ ಭಾಗದ ಚಿತ್ರವನ್ನೂ ಲಗತ್ತಿಸಿದ್ದರು. ಹಾಳೆಯ ನಡುವೆ ಒಂದು ಅಡ್ಡಗೆರೆ, ಗೆರೆಯ ಮೇಲೆ ಒಂದು ಚೌಕ, ಕೆಳಗೆ ಒಂದು ವೃತ್ತ. ನಾನು ಟಿಪ್ಪಣಿಯಲ್ಲಿ 'ಎರಡು ಬಗೆಯ ಭಾಗಗಳು' ಎಂದು ಬರೆದು ಮೇಲಿನವರಿಗೆ ಕಳಿಸಿಬಿಟ್ಟೆ. ಆಮೇಲೆ ಆ ಲೇತಿನವರು ಬಂದು ನನ್ನ ಮೇಜಿನ ಮೇಲಿದ್ದ ಗೋಂದಿನ ಡಬ್ಬಿ ಎತ್ತಿ ಹಿಡಿದರು. 'ಸಾರ್, ಇದನ್ನು ಎದುರಿನಿಂದ ನೋಡಿ, ಚೌಕ. ಮೇಲಿನಿಂದ ನೋಡಿ, ವೃತ್ತ. ಡಬ್ಬಿ ಎಷ್ಟು?' ಎಂದು ಕೇಳಿದರು. ಪಕ್ಕದ ಕೌಂಟರಿನವರೆಲ್ಲ ನಕ್ಕರು. ನಾನೂ ನಕ್ಕೆ ಅನ್ನಿ, ಆದರೆ ಅದು ಮನಸ್ಸಿನಲ್ಲಿ ಉಳಿಯಿತು.

ರೇಡಿಯೋದಲ್ಲಿ ಚಿತ್ರ ತೋರಿಸುವುದು ಸಾಧ್ಯವಿಲ್ಲ. ಆದ್ದರಿಂದ ನಿಮ್ಮ ಮನೆಯನ್ನೇ ಬಳಸಿಕೊಳ್ಳೋಣ. ಅಡಿಗೆಮನೆಯ ಜಂತಿಯಿಂದ ಒಂದು ನೆಲುವು ಇಳಿಬಿಟ್ಟಿದೆ ಎಂದುಕೊಳ್ಳಿ. ಆ ನೆಲುವಿನ ತಳವೇ ನಮ್ಮ ಬಿಂದು. ಅದರ ತಳದಿಂದ ಒಂದು ಕಲ್ಲನ್ನು ನೇರ ಕೆಳಕ್ಕೆ ಬಿಟ್ಟರೆ ನೆಲದ ಮೇಲೆ ಎಲ್ಲಿ ಬೀಳುತ್ತದೋ ಅಲ್ಲಿ ಸೀಮೆಸುಣ್ಣದಿಂದ ಒಂದು ಗುರುತು ಹಾಕಿ. ಈ ಗುರುತನ್ನು ನೋಡಿದವನಿಗೆ ನೆಲುವು ಗೋಡೆಯಿಂದ ಎಷ್ಟು ದೂರ ಎಂಬುದು ತಿಳಿಯುತ್ತದೆ. ಎಷ್ಟು ಎತ್ತರದಲ್ಲಿದೆ ಎಂಬುದು ತಿಳಿಯುವುದಿಲ್ಲ. ಬೆಕ್ಕಿಗೆ ಎಟುಕುವ ಎತ್ತರವೋ ಎಟುಕದ ಎತ್ತರವೋ, ಎರಡಕ್ಕೂ ಅದೇ ಗುರುತು. ಈಗ ನೆಲುವಿನಿಂದ ನೇರ ಹಿಂದಿನ ಗೋಡೆಗೆ ಒಂದು ಕೋಲನ್ನು ಅಡ್ಡಲಾಗಿ ಚಾಚಿ, ಅದು ಮುಟ್ಟಿದಲ್ಲಿ ಇನ್ನೊಂದು ಗುರುತು ಹಾಕಿ. ಇದು ಎತ್ತರ ಹೇಳುತ್ತದೆ, ಆದರೆ ಗೋಡೆಯಿಂದ ಎಷ್ಟು ದೂರ ಎಂಬುದನ್ನು ಹೇಳುವುದಿಲ್ಲ. ಎರಡೂ ಗುರುತುಗಳಿದ್ದರೆ ನೆಲುವನ್ನು ಬಿಚ್ಚಿ ತೆಗೆದರೂ ಚಿಂತೆಯಿಲ್ಲ. ನಾಳೆ ಯಾರೇ ಬಂದರೂ ಅದೇ ಜಾಗದಲ್ಲಿ ಮತ್ತೆ ಕಟ್ಟಬಹುದು.

ನೆಲಕ್ಕೆ ಎಂಜಿನಿಯರುಗಳು ಕ್ಷಿತಿಜ ಸಮತಲ ಎನ್ನುತ್ತಾರೆ, ಗೋಡೆಗೆ ಲಂಬ ಸಮತಲ. ನೆಲದ ಗುರುತು ಮೇಲ್ನೋಟ, ಗೋಡೆಯ ಗುರುತು ಮುನ್ನೋಟ. ಬ್ಯಾಂಕಿನ ಜಮಾ-ಖರ್ಚಿನ ಹಾಗೆಯೇ ಇದು. ಒಂದು ವ್ಯವಹಾರಕ್ಕೆ ಎರಡು ನಮೂದು ಬೀಳಬೇಕು. ಒಂದೇ ಕಡೆ ಬರೆದಿಟ್ಟರೆ ಹಣ ಎಲ್ಲಿಂದ ಬಂದು ಎಲ್ಲಿಗೆ ಹೋಯಿತು ಎಂದು ಬ್ರಹ್ಮನಿಗೂ ತಿಳಿಯುವುದಿಲ್ಲ.

ಆದರೆ ಕಾಗದ ಚಪ್ಪಟೆ. ನೆಲವೂ ಗೋಡೆಯೂ ಒಂದಕ್ಕೊಂದು ನೆಟ್ಟಗೆ ನಿಂತಿರುವಾಗ ಎರಡನ್ನೂ ಒಂದೇ ಹಾಳೆಯ ಮೇಲೆ ಬರೆಯುವುದು ಹೇಗೆ? ಇಲ್ಲೇ ಸೊಗಸಿರುವುದು. ಗೋಡೆಯೂ ನೆಲವೂ ಕೂಡುವ ಗೆರೆಯಲ್ಲಿ ಒಂದು ಕೀಲು ಇದೆ ಎಂದು ಭಾವಿಸಿ, ಗೋಡೆಯನ್ನು ಹಿಂದಕ್ಕೆ ಮಲಗಿಸಿಬಿಡಿ. ಈಗ ಗೋಡೆಯೂ ನೆಲವೂ ಹಾಸಿದ ಚಾಪೆಯಂತೆ ಒಂದೇ ಮಟ್ಟ. ನೆಲುವು ಐದು ಅಡಿ ಎತ್ತರದಲ್ಲಿದ್ದು ಗೋಡೆಯಿಂದ ಎರಡು ಅಡಿ ದೂರವಿದ್ದರೆ, ಕೂಡುಗೆರೆಯ ಆಚೆ ಐದು ಅಡಿಗೆ ಒಂದು ಗುರುತು, ಈಚೆ ಎರಡು ಅಡಿಗೆ ಇನ್ನೊಂದು. ಎರಡನ್ನೂ ಸೇರಿಸುವ ಗೆರೆ ಕೂಡುಗೆರೆಯನ್ನು ನೇರ ಲಂಬವಾಗಿ ದಾಟುತ್ತದೆ. ಹಾಳೆಯ ಮೇಲೆ ಅಡಿಯ ಬದಲು ಸೆಂಟಿಮೀಟರು, ಅಷ್ಟೇ. ನಮ್ಮ ಹುಡುಗರು ಎಕ್ಸ್-ವೈ ಗೆರೆ ಎಂದು ಎಳೆಯುವುದು ಈ ಕೀಲನ್ನೇ. ನಾನು ಚೌಕ ಮತ್ತು ವೃತ್ತದ ನಡುವೆ ಕಂಡಿದ್ದ ಅಡ್ಡಗೆರೆಯೂ ಅದೇ.

ಮನೆಯನ್ನೂ ಕೋಟೆಯನ್ನೂ ಮೇಲಿನಿಂದ ಒಂದು ಚಿತ್ರ, ಎದುರಿನಿಂದ ಒಂದು ಚಿತ್ರ ಎಂದು ಬರೆಯುವುದು ಹಳೆಯ ಕಾಲದ ಪದ್ಧತಿ. ರೋಮಿನ ವಾಸ್ತುಗ್ರಂಥಕಾರ ವಿಟ್ರೂವಿಯಸ್ ಎರಡು ಸಾವಿರ ವರ್ಷದ ಹಿಂದೆಯೇ ಇವೆರಡನ್ನೂ ಹೆಸರಿಸಿದ್ದಾನೆ. ಜರ್ಮನಿಯ ಚಿತ್ರಕಾರ ಆಲ್ಬ್ರೆಕ್ಟ್ ಡ್ಯೂರರ್ 1525ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಶಂಕುವನ್ನು ಓರೆಯಾಗಿ ಕತ್ತರಿಸಿದರೆ ಬರುವ ಆಕೃತಿಯನ್ನು ಮೇಲಿನ ನೋಟ ಮತ್ತು ಎದುರಿನ ನೋಟಗಳಿಂದ ಬಿಡಿಸಿ ತೋರಿಸಿದ. ಫ್ರಾನ್ಸಿನ ಕಲ್ಲುಕುಟಿಗರಿಗೂ ಬಡಗಿಗಳಿಗೂ ಇದು ಕೈವಶವಾಗಿತ್ತು. ಕಮಾನಿನ ಒಂದೊಂದು ಕಲ್ಲೂ ಬೇರೆ ಬೇರೆ ಓರೆ. ಏರಿಸುವ ಮೊದಲೇ ನೆಲದ ಮೇಲೆ ಗೆರೆ ಎಳೆದು ಅಳತೆ ಹಿಡಿಯದಿದ್ದರೆ ಮೇಲೆ ಕೂರುವುದಿಲ್ಲ. ಆ ವಿದ್ಯೆ ತಂದೆಯಿಂದ ಮಗನಿಗೆ, ಗುರುವಿನಿಂದ ಶಿಷ್ಯನಿಗೆ ಗುಟ್ಟಾಗಿ ಹೋಗುತ್ತಿತ್ತು. ಫ್ರೆಜಿಯೆ ಎಂಬ ಸೈನ್ಯದ ಎಂಜಿನಿಯರು 1737ರಿಂದ 1739ರವರೆಗೆ ಕಲ್ಲು ಮತ್ತು ಮರ ಕಡಿಯುವ ಶಾಸ್ತ್ರವನ್ನು ಸಂಪುಟಗಳಲ್ಲಿ ಹೊರತಂದ. ಆದರೂ ಕಮಾನಿಗೊಂದು ಉಪಾಯ, ಮೆಟ್ಟಿಲಿಗೊಂದು ಉಪಾಯ. ಎಲ್ಲಕ್ಕೂ ಸಲ್ಲುವ ಒಂದು ಸೂತ್ರ ಇರಲಿಲ್ಲ.

ಆ ಸೂತ್ರವನ್ನು ಕೊಟ್ಟವನು ಗಾಸ್ಪಾರ್ ಮೊಂಜ್. ಹುಟ್ಟಿದ್ದು 1746ರ ಮೇ 9ರಂದು, ಬರ್ಗಂಡಿ ಪ್ರಾಂತದ ಬೋನ್ ಎಂಬ ಪಟ್ಟಣದಲ್ಲಿ. ತಂದೆ ಸಣ್ಣ ವ್ಯಾಪಾರಿ. ಮಕ್ಕಳನ್ನು ಓದಿಸಬೇಕೆಂಬ ಹಟ ಆತನಿಗೆ ಇತ್ತು. ಹುಡುಗ ಊರಿನ ಪಾದ್ರಿಗಳ ಶಾಲೆಯಲ್ಲಿ ಕಲಿತು ಲಿಯೋನ್ ನಗರಕ್ಕೆ ಹೋದ, ಓದುತ್ತಿರುವಾಗಲೇ ಅಲ್ಲಿ ಭೌತವಿಜ್ಞಾನ ಪಾಠ ಹೇಳತೊಡಗಿದ. 1764ರಲ್ಲಿ ಊರಿಗೆ ಮರಳಿದಾಗ, ಬೇಕಾದ ಉಪಕರಣಗಳನ್ನು ತಾನೇ ಮಾಡಿಕೊಂಡು ಇಡೀ ಬೋನ್ ಪಟ್ಟಣದ ನಕ್ಷೆ ಬರೆದ. ಆ ನಕ್ಷೆ ಸೈನ್ಯದ ಒಬ್ಬ ಅಧಿಕಾರಿಯ ಕಣ್ಣಿಗೆ ಬಿತ್ತು. ಅವನನ್ನು ಮೆಜಿಯೆರ್ ಎಂಬಲ್ಲಿದ್ದ ರಾಜರ ಸೈನಿಕ ಎಂಜಿನಿಯರಿಂಗ್ ಶಾಲೆಗೆ ಕರೆಸಿಕೊಂಡರು.

ಕರೆಸಿಕೊಂಡರು ನಿಜ, ಆದರೆ ವಿದ್ಯಾರ್ಥಿಯಾಗಿ ಅಲ್ಲ. 1748ರಲ್ಲಿ ಸ್ಥಾಪನೆಯಾದ ಆ ಶಾಲೆಯಲ್ಲಿ ಅಧಿಕಾರಿಯಾಗಬೇಕಾದರೆ ದೊಡ್ಡ ಮನೆತನದ ಹುಟ್ಟು ಬೇಕು. ಸಣ್ಣ ವ್ಯಾಪಾರಿಯ ಮಗನಿಗೆ ಸಿಕ್ಕಿದ್ದು ಪಕ್ಕದ ಕಾರ್ಖಾನೆಯಂಥ ವಿಭಾಗದಲ್ಲಿ ಗೆರೆ ಎಳೆಯುವ ಮತ್ತು ಗಾರೆಯಿಂದ ಕೋಟೆಗಳ ಮಾದರಿ ಮಾಡುವ ಕೆಲಸ. ಸಾಹುಕಾರರ ಮಕ್ಕಳು ಆ ವಿಭಾಗವನ್ನು ಗಾರೆ ಕಲಸುವ ಜಾಗ ಎಂದು ಹೀಯಾಳಿಸುತ್ತಿದ್ದರು. ಮೊಂಜ್‌ನ ಕೈ ಚೆನ್ನಾಗಿದೆ ಎಂದು ಎಲ್ಲರೂ ಹೊಗಳುತ್ತಿದ್ದರು, ತಲೆಯ ವಿಚಾರ ಯಾರೂ ಕೇಳುತ್ತಿರಲಿಲ್ಲ. ಅದು ಅವನಿಗೆ ಬಹಳ ನೋವು ಕೊಟ್ಟಿತು. ನಮ್ಮ ದೇಶದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹೀಗಿರುವಾಗ ಅವನಿಗೆ ಒಂದು ಲೆಕ್ಕ ಕೊಟ್ಟರು. ಒಂದು ಕೋಟೆ ಕಟ್ಟಬೇಕು, ಸುತ್ತ ಗುಡ್ಡಗಳಿವೆ. ಶತ್ರು ಯಾವ ಗುಡ್ಡದ ಮೇಲೆ ಫಿರಂಗಿ ಇಟ್ಟರೂ ಕೋಟೆಯೊಳಗಿನ ಸೈನಿಕನಿಗೆ ಗುಂಡು ತಾಗಬಾರದು. ಗೋಡೆ ಎಲ್ಲಿ ಎಷ್ಟು ಎತ್ತರ ಇರಬೇಕು? ತೀರ ಎತ್ತರವಾದರೆ ಹಣ ದಂಡ, ತಗ್ಗಾದರೆ ಪ್ರಾಣ ದಂಡ. ಆಗಿನ ಪದ್ಧತಿಯಂತೆ ಒಂದೊಂದು ಜಾಗದಿಂದಲೂ ಎತ್ತರ, ದೂರ, ಇಳಿಜಾರುಗಳನ್ನು ಅಂಕಿಗಳಲ್ಲಿ ಲೆಕ್ಕ ಹಾಕುತ್ತ ಹೋಗಬೇಕು. ದಿನಗಟ್ಟಲೆ ಹಿಡಿಯುವ ಕೆಲಸ. ಮೊಂಜ್ ಅಂಕಿಗಳನ್ನು ಬಿಟ್ಟು ಗೆರೆಗಳನ್ನು ಹಿಡಿದ. ಗುಡ್ಡದ ತುದಿಯೂ ಒಂದು ಬಿಂದು, ಕೋಟೆಯ ಮೂಲೆಯೂ ಒಂದು ಬಿಂದು. ಎಲ್ಲವನ್ನೂ ನೆಲದ ಮೇಲೂ ಗೋಡೆಯ ಮೇಲೂ ಇಳಿಸಿಕೊಂಡ. ಅಲ್ಲಿಂದ ಗುಡ್ಡದ ತುದಿಗಳನ್ನು ಸವರಿಕೊಂಡು ಹೋಗುವ ಓರೆ ಸಮತಲವನ್ನು ಎಳೆದು ಉತ್ತರ ತೆಗೆದುಬಿಟ್ಟ.

ಉತ್ತರವನ್ನು ತೆಗೆದುಕೊಂಡು ಹೋದಾಗ ಮೇಲಧಿಕಾರಿ ಅದನ್ನು ನೋಡಲೇ ಒಪ್ಪಲಿಲ್ಲ ಎಂದು ಮೊಂಜ್‌ನ ಶಿಷ್ಯರು ಬರೆದಿಟ್ಟಿದ್ದಾರೆ. ಇಷ್ಟು ಬೇಗ ಯಾರೂ ಲೆಕ್ಕ ಮಾಡಲು ಆಗುವುದೇ ಇಲ್ಲ, ಇದನ್ನು ಪರಿಶೀಲಿಸಿ ನನ್ನ ಹೊತ್ತು ಯಾಕೆ ಹಾಳುಮಾಡಿಕೊಳ್ಳಲಿ ಎಂಬುದು ಆತನ ವಾದ. ನಾನು ಲೆಕ್ಕವನ್ನೇ ಮಾಡಿಲ್ಲ, ಬೇರೆ ದಾರಿ ಹಿಡಿದೆ, ಆ ದಾರಿಯನ್ನಾದರೂ ನೋಡಿ ಎಂದು ಮೊಂಜ್ ಪಟ್ಟು ಹಿಡಿದ. ನೋಡಿದರು. ಸರಿಯಾಗಿತ್ತು.

ಆಮೇಲೆ ಅವನ ಭಾಗ್ಯ ತೆರೆಯಿತು. 1769ರಲ್ಲಿ ಅದೇ ಶಾಲೆಯಲ್ಲಿ ಗಣಿತದ ಅಧ್ಯಾಪಕನಾದ. ಯಾವ ಹುಡುಗರ ಪಕ್ಕ ಕೂರಲು ಅವನಿಗೆ ಅರ್ಹತೆ ಇಲ್ಲ ಎಂದಿದ್ದರೋ ಅಂಥವರಿಗೇ ಪಾಠ ಹೇಳಿದ. ಮುಂದೆ ಕ್ರಾಂತಿಯ ಸೇನೆಗಳನ್ನು ಸಂಘಟಿಸಿದ ಲಜಾರ್ ಕಾರ್ನೋ ಆ ಶಾಲೆಯ ವಿದ್ಯಾರ್ಥಿಯೇ. ಆದರೆ ಮೊಂಜ್ ಕಂಡುಹಿಡಿದ ವಿದ್ಯೆಗೆ ಬೀಗ ಬಿತ್ತು. ಇದು ಕೋಟೆ ಕಟ್ಟುವ ಗುಟ್ಟು, ಶತ್ರುಗಳಿಗೆ ತಿಳಿಯಬಾರದು ಎಂದು ಸೈನ್ಯದವರು ಶಾಲೆಯ ಗೋಡೆಯಿಂದ ಹೊರಗೆ ಬಿಡಲಿಲ್ಲ. ಲೆಕ್ಕದಿಂದ ಮಾಡುವುದನ್ನೆಲ್ಲ ಅಳತೆಪಟ್ಟಿ ಮತ್ತು ಕೈವಾರಗಳಿಂದಲೂ ಮಾಡಬಲ್ಲೆ, ಆದರೆ ಹೇಳಲು ಅಪ್ಪಣೆಯಿಲ್ಲ ಎಂದು ಪ್ಯಾರಿಸಿನಲ್ಲಿ ಮೊಂಜ್ ತನ್ನ ವಿದ್ಯಾರ್ಥಿಗಳಿಗೆ ಹೇಳುತ್ತಿದ್ದನಂತೆ. ಇದನ್ನು ನೆನಪಿಸಿಕೊಂಡವನು ಮುಂದೆ ಹೆಸರಾಂತ ಗಣಿತಜ್ಞನಾದ ಲಾಕ್ರ್ವಾ. ಕಾಲು ಶತಮಾನದ ಕಾಲ ಹೀಗೆ ನಡೆಯಿತು. ಸೈನ್ಯದವರ ಭಯ ಪೂರ್ತಿ ಸುಳ್ಳು ಎನ್ನಲಾರೆ, ಕೋಟೆಯ ನಕ್ಷೆ ಯಾವ ರಾಜನೂ ಬೀದಿಗೆ ಹಾಕುವ ವಸ್ತುವಲ್ಲ. ಆದರೆ ಅದರ ಜತೆಗೆ ಬಡಗಿಯ, ಕಮ್ಮಾರನ, ಕಲ್ಲುಕುಟಿಗನ ಉಪಯೋಗಕ್ಕೆ ಬರಬೇಕಾದದ್ದೂ ಕಪಾಟಿನಲ್ಲಿ ಕೂತಿತು.

1789ರಲ್ಲಿ ಫ್ರಾನ್ಸಿನಲ್ಲಿ ಕ್ರಾಂತಿಯಾಯಿತು. ಮೊಂಜ್ ಕ್ರಾಂತಿಯ ಪಕ್ಷ ಹಿಡಿದ. 1792ರ ಆಗಸ್ಟಿನಿಂದ ಸುಮಾರು ಎಂಟು ತಿಂಗಳು ನೌಕಾ ಮಂತ್ರಿಯಾಗಿದ್ದ. ಸುತ್ತಲ ರಾಜರೆಲ್ಲ ಫ್ರಾನ್ಸಿನ ಮೇಲೆ ಏರಿ ಬಂದಾಗ ಮದ್ದುಗುಂಡಿಗೆ ಬೇಕಾದ ಪೆಟ್ಲುಪ್ಪನ್ನು ನೆಲಮಾಳಿಗೆ ಮತ್ತು ಕೊಟ್ಟಿಗೆಗಳ ಮಣ್ಣಿನಿಂದ ತೆಗೆಸುವ ಕೆಲಸದಲ್ಲಿ ಅವನೂ ಇದ್ದ. ಫಿರಂಗಿ ಎರಕ ಹೊಯ್ಯುವುದರ ಬಗ್ಗೆ ಕಾರ್ಮಿಕರಿಗೆ ಉಪಯೋಗವಾಗುವಂತೆ ಪುಸ್ತಕ ಬರೆದ. ಈ ಓಡಾಟದಲ್ಲಿ ಅವನಿಗೆ ಒಂದು ವಿಷಯ ಸ್ಪಷ್ಟವಾಗಿರಬೇಕು ಎಂದು ನನಗೆ ತೋರುತ್ತದೆ. ಯೋಚಿಸಿದವನ ತಲೆಯಲ್ಲಿರುವುದು ಎರಕದವನ ಕೈಗೆ ತಪ್ಪಿಲ್ಲದೆ ತಲುಪಲು ಬಾಯಿಮಾತು ಸಾಲದು.

1794ರ ಹೊಸ ಶಾಲೆಯನ್ನು ಕಟ್ಟಿದವರಲ್ಲಿ ಮೊಂಜ್ ಮುಂಚೂಣಿಯವನು. ಪರೀಕ್ಷೆಯಲ್ಲಿ ಗೆದ್ದವರಿಗೆ ಪ್ರವೇಶ, ಹುಟ್ಟು ಯಾವುದೆಂದು ಕೇಳುವಂತಿಲ್ಲ. ಮೊದಲ ವರ್ಷ ಸುಮಾರು 400 ಹುಡುಗರು ಸೇರಿದರು. ಅವರಿಗೆ ಸರಕಾರವೇ ಭತ್ಯೆ ಕೊಡುತ್ತಿತ್ತು. 1795ರಲ್ಲಿ ಉಪಾಧ್ಯಾಯರನ್ನು ತಯಾರಿಸಲು ಪ್ಯಾರಿಸಿನಲ್ಲಿ ತೆರೆದ ಇನ್ನೊಂದು ಶಾಲೆಯಲ್ಲಿ ಲಗ್ರಾಂಜ್, ಲಾಪ್ಲಾಸ್‌ರಂಥ ಮಹಾ ಗಣಿತಜ್ಞರ ಜತೆ ಮೊಂಜ್ ಕೂಡ ಪಾಠ ಮಾಡಿದ. ಶೀಘ್ರಲಿಪಿಕಾರರು ಆ ಪಾಠಗಳನ್ನು ಬರೆದುಕೊಂಡು ಅಚ್ಚು ಹಾಕಿಸಿದರು. ಅಲ್ಲಿಗೆ ಬೀಗ ಒಡೆಯಿತು. 1799ರಲ್ಲಿ ಅದೇ ಪಾಠಗಳು ಪುಸ್ತಕವಾಗಿ ಬಂದವು. ಈ ಶಾಸ್ತ್ರಕ್ಕೆ ಮೊಂಜ್ ಇಟ್ಟ ಹೆಸರನ್ನು ಕನ್ನಡದಲ್ಲಿ ವಿವರಣಾತ್ಮಕ ರೇಖಾಗಣಿತ ಎನ್ನಬಹುದು. ಇದು ಯಂತ್ರವನ್ನು ಕಲ್ಪಿಸುವವನಿಗೂ, ಕೆಲಸ ಮಾಡಿಸುವವನಿಗೂ, ಕೈಯಾರೆ ಮಾಡುವ ಕುಶಲಕರ್ಮಿಗೂ ಸಮಾನವಾಗಿ ಬೇಕಾದ ಒಂದು ಭಾಷೆ ಎಂಬರ್ಥದ ಮಾತನ್ನು ಅವನು ಆರಂಭದಲ್ಲೇ ಹೇಳಿದ್ದಾನೆ. ಮನೆಯಲ್ಲಿ ಒಂದು, ಪೇಟೆಯಲ್ಲಿ ಇನ್ನೊಂದು ಭಾಷೆ ಆಡುವ ನಮಗೆ ಈ ಮಾತಿನ ಬೆಲೆ ಚೆನ್ನಾಗಿ ಗೊತ್ತು. ಆ ಲೇತಿನವರ ಮನೆಮಾತು ತೆಲುಗು, ಅವರಿಗೆ ಕೆಲಸ ಕೊಟ್ಟವರದು ತಮಿಳು, ನನ್ನದು ಕನ್ನಡ. ಆ ಹಾಳೆಯ ಮೇಲಿನ ಚೌಕ ಮತ್ತು ವೃತ್ತಕ್ಕೆ ಯಾವ ಭಾಷಾಂತರವೂ ಬೇಕಿರಲಿಲ್ಲ, ಓದು ಬಾರದವನು ನಾನೊಬ್ಬನೇ.

ಬಿಂದು ಒಂದನ್ನು ಇಳಿಸಿದರೆ ಏನು ಮಹಾ ಎಂದು ಕೇಳಬಹುದು. ಎರಡು ಬಿಂದು ಸೇರಿದರೆ ಗೆರೆಯಾಯಿತು. ಗೋಡೆಗೆ ಒಂದು ಏಣಿಯನ್ನು ನೇರವಾಗಿ ಒರಗಿಸಿ. ಬುಡ ಗೋಡೆಯಿಂದ 6 ಅಡಿ ದೂರ, ತುದಿ 8 ಅಡಿ ಎತ್ತರ. ನೆಲದ ಮೇಲೆ ಇಳಿಸಿದರೆ ಏಣಿ 6 ಅಡಿ ಕಾಣುತ್ತದೆ, ಗೋಡೆಯ ಮೇಲೆ 8 ಅಡಿ. ಎರಡೂ ಅದರ ನಿಜವಾದ ಉದ್ದವಲ್ಲ, ಏಣಿ ಇರುವುದು 10 ಅಡಿ. ಎರಡು ನೋಟಗಳಿಂದ ಆ ಹತ್ತನ್ನು ಬರೀ ಕೈವಾರದಿಂದ ತೆಗೆಯುವುದನ್ನು ಈ ಶಾಸ್ತ್ರ ಕಲಿಸುತ್ತದೆ. ಛಾವಣಿಯ ಓರೆ ಮರ ಎಷ್ಟು ಉದ್ದ ಕೊಯ್ಯಬೇಕು, ತಗಡಿನ ಆಲಿಕೆಯನ್ನು ಹೇಗೆ ಕತ್ತರಿಸಿದರೆ ಮಡಿಸಿದಾಗ ಅಂಚು ಕೂಡುತ್ತದೆ, ಎರಡು ಕೊಳವೆಗಳು ಸೇರುವಲ್ಲಿ ತೂತು ಯಾವ ಆಕಾರದಲ್ಲಿರಬೇಕು, ಎಲ್ಲವೂ ಇದೇ ಎರಡು ಗುರುತುಗಳಿಂದ ಹೊರಡುವ ಪ್ರಶ್ನೆಗಳು. ಮೊಂಜ್ ಈ ಶಾಸ್ತ್ರವನ್ನು ಶೂನ್ಯದಿಂದ ಸೃಷ್ಟಿಸಿದ ಎಂದು ಕೆಲವರು ಬರೆಯುತ್ತಾರೆ. ಅದು ಕಲ್ಲುಕುಟಿಗರಿಗೆ ಮಾಡುವ ಅನ್ಯಾಯ. ಅವರ ನೂರು ಉಪಾಯಗಳ ಒಳಗಿದ್ದ ಒಂದೇ ಉಪಾಯವನ್ನು ಅವನು ಹೊರಗೆಳೆದ ಎಂದರೆ ಸರಿಯಾದೀತು. ಅದೇನು ಸಣ್ಣ ಕೆಲಸವಲ್ಲ.

ವಿದ್ಯೆ ಬೇಗ ಹಬ್ಬಿತು. ಕ್ರೋಜೆ ಎಂಬವನು ಎಕೋಲ್ ಪಾಲಿಟೆಕ್ನಿಕ್‌ನಲ್ಲಿ ಓದಿ ನೆಪೋಲಿಯನ್ನನ ಸೇನೆಯಲ್ಲಿದ್ದವನು. 1812ರ ರಷ್ಯಾ ಯುದ್ಧದಲ್ಲಿ ಸೆರೆಸಿಕ್ಕಿ ಬಿಡುಗಡೆಯಾದ ಮೇಲೆ 1816ರಲ್ಲಿ ಅಮೆರಿಕದ ವೆಸ್ಟ್ ಪಾಯಿಂಟ್ ಸೈನಿಕ ಶಾಲೆಗೆ ಅಧ್ಯಾಪಕನಾಗಿ ಹೋದ. ಇಂಗ್ಲಿಷಿನಲ್ಲಿ ಈ ವಿಷಯದ ಪುಸ್ತಕವೇ ಇರಲಿಲ್ಲ. ಕರಿಹಲಗೆಯ ಮೇಲೆ ಸೀಮೆಸುಣ್ಣದಿಂದ ಬರೆದು ಕಲಿಸಿ, 1821ರಲ್ಲಿ ತಾನೇ ಒಂದು ಪುಸ್ತಕ ಬರೆದ.

ಇಲ್ಲಿ ನಮ್ಮ ಹುಡುಗರಿಗೆ ಗೊಂದಲ ತರುವ ಒಂದು ಸಂಗತಿ ಹೇಳಬೇಕು. ಗೋಡೆಯನ್ನು ನೆಲದ ಕೆಳಕ್ಕೂ, ನೆಲವನ್ನು ಗೋಡೆಯ ಹಿಂದಕ್ಕೂ ಬೆಳೆಸಿದರೆ ನಾಲ್ಕು ಕೋಣೆಗಳಾಗುತ್ತವೆ. ನೆಲದ ಮೇಲೆ, ಗೋಡೆಯ ಮುಂದೆ ಇರುವುದು ಮೊದಲನೆಯದು. ನಮ್ಮ ನೆಲುವು ಇರುವುದು ಅಲ್ಲಿ. ನೆಲದ ಕೆಳಗೆ, ಗೋಡೆಯ ಹಿಂದೆ ಇರುವುದು ಮೂರನೆಯದು. ಎರಡು ಮತ್ತು ನಾಲ್ಕನೆಯ ಕೋಣೆಯಲ್ಲಿ ವಸ್ತುವನ್ನಿಟ್ಟರೆ ಮಡಿಸಿದಾಗ ಎರಡೂ ನೋಟಗಳು ಗೆರೆಯ ಒಂದೇ ಕಡೆಗೆ ಬಂದು ಒಂದರ ಮೇಲೊಂದು ಬೀಳುತ್ತವೆ. ಆದ್ದರಿಂದ ಅವನ್ನು ಬಳಸುವುದಿಲ್ಲ. ಯುರೋಪಿನವರು ಮೊದಲ ಕೋಣೆಯಲ್ಲೇ ಉಳಿದರು. ಅಮೆರಿಕದವರು 19ನೇ ಶತಮಾನದ ಕೊನೆಯ ಹೊತ್ತಿಗೆ ಮೂರನೆಯದಕ್ಕೆ ಹೋದರು. ವಸ್ತುವಿನ ಮುಂದೆ ಗಾಜು ಹಿಡಿದು ಅದರ ಮೇಲೆ ಬರೆದಂತೆ ಅವರ ಪದ್ಧತಿ. ಹಾಗಾಗಿ ಮೊದಲ ಕೋಣೆಯ ಪದ್ಧತಿಯಲ್ಲಿ ಮೇಲ್ನೋಟ ಗೆರೆಯ ಕೆಳಗೆ, ಮೂರನೆಯದರಲ್ಲಿ ಗೆರೆಯ ಮೇಲೆ. ಎಡದಿಂದ ನೋಡಿದ ನೋಟ ಒಂದರಲ್ಲಿ ಬಲಕ್ಕೆ, ಇನ್ನೊಂದರಲ್ಲಿ ಎಡಕ್ಕೆ. ಯಾವ ಪದ್ಧತಿ ಎಂದು ನೋಡದೆ ಓದಿದರೆ ಎಡಗಡೆ ಕೊರೆಯಬೇಕಾದ ತೂತು ಬಲಗಡೆ ಬೀಳುತ್ತದೆ. ಅದಕ್ಕಾಗಿಯೇ ಹಾಳೆಯ ಮೂಲೆಯಲ್ಲಿ ತುದಿ ಕತ್ತರಿಸಿದ ಶಂಕುವಿನ ಒಂದು ಪುಟ್ಟ ಗುರುತು ಹಾಕಿರುತ್ತಾರೆ. ಭಾರತೀಯ ಮಾನಕ ಸಂಸ್ಥೆ 1988ರಲ್ಲಿ ಶಾಲಾ ಕಾಲೇಜುಗಳಿಗಾಗಿ ಹೊರತಂದ ಕೈಪಿಡಿಯಲ್ಲಿ ಮೊದಲ ಕೋಣೆಯ ಪದ್ಧತಿಯನ್ನೇ ಹೇಳಿದೆ. ಆದರೆ ಹೊರದೇಶದ ಕಂಪನಿಗಳಿಗೆ ಮಾಲು ಮಾಡಿಕೊಡುವ ನಮ್ಮ ಕಡೆಯ ಕಾರ್ಖಾನೆಗಳಿಗೆ ಎರಡೂ ಬಗೆಯ ಹಾಳೆಗಳು ಬರುತ್ತವೆ. ಮಗ ಕಾರ್ಖಾನೆಗೆ ಸೇರಿದರೆ ಮೊದಲು ಆ ಮೂಲೆಯನ್ನು ನೋಡು ಎಂದು ಹೇಳಿಕಳಿಸಿ.

ಮೊಂಜ್‌ನ ಕೊನೆಯ ದಿನಗಳು ಸುಖದವಲ್ಲ. ಅವನು ನೆಪೋಲಿಯನ್ನನ ಆಪ್ತ. 1798ರಲ್ಲಿ ಅವನ ಜತೆ ಈಜಿಪ್ಟಿಗೆ ಹೋಗಿದ್ದ. ಮರಳುಗಾಡಿನ ಬಿಸಿಲ್ಗುದುರೆ ಏಕೆ ಕಾಣುತ್ತದೆಂದು ಅಲ್ಲಿ ವಿವರಿಸಿದ. 1808ರಲ್ಲಿ ಕೌಂಟ್ ಪದವಿಯೂ ಬಂತು. ಹುಟ್ಟಿನ ಕಾರಣಕ್ಕೆ ಹೊರಗೆ ನಿಂತಿದ್ದವನು ಕೊನೆಗೆ ತಾನೇ ಪದವಿ ಸ್ವೀಕರಿಸಿದ್ದು ನನಗೆ ಸ್ವಲ್ಪ ಇರುಸುಮುರುಸು. ಮನುಷ್ಯ ತಾನೇ! ನೆಪೋಲಿಯನ್ ಬಿದ್ದು ಹಳೆಯ ರಾಜವಂಶ ಮರಳಿದ ಮೇಲೆ, 1816ರಲ್ಲಿ, ದೇಶದ ವಿದ್ವತ್ ಸಂಸ್ಥೆಯಿಂದ ಮೊಂಜ್‌ನ ಹೆಸರು ಹೊಡೆದು ಹಾಕಿದರು. 1818ರ ಜುಲೈ 28ರಂದು ಪ್ಯಾರಿಸಿನಲ್ಲಿ ತೀರಿಕೊಂಡ. ಅವನೇ ಕಟ್ಟಿದ ಎಕೋಲ್ ಪಾಲಿಟೆಕ್ನಿಕ್‌ನ ವಿದ್ಯಾರ್ಥಿಗಳು ಶವಸಂಸ್ಕಾರಕ್ಕೆ ಹೋಗಲು ಅನುಮತಿ ಕೇಳಿದರು. ಸರಕಾರ ಕೊಡಲಿಲ್ಲ. ಅವರು ಅಪ್ಪಣೆ ಮೀರಲಿಲ್ಲ. ಮಾರನೆಯ ದಿನ ಒಟ್ಟಾಗಿ ಸ್ಮಶಾನಕ್ಕೆ ನಡೆದುಹೋಗಿ ಗೋರಿಯ ಮೇಲೆ ಹೂವಿಟ್ಟು ಬಂದರು. 1989ರಲ್ಲಿ, ಕ್ರಾಂತಿಯ ಇನ್ನೂರನೆಯ ವರ್ಷ, ಅವನ ಅಸ್ಥಿಯನ್ನು ಪ್ಯಾರಿಸಿನ ಪಾಂತೆಯೋನ್ ಸ್ಮಾರಕಕ್ಕೆ ತಂದಿಟ್ಟರು.